ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ

ಸಕ್ಕರೆ ಕಾಯಿಲೆಯ ಗಿಡಮೂಲಿಕೆಗಳ ಬಗ್ಗೆ ಈಚೆಗೆ ಯಾವ ಲೇಖನ ಓದಿದರೂ ಒಂದು ಸಾಲು ಇದ್ದೇ ಇರುತ್ತದೆ: ಇಲಿಗಳ ಮೇಲೆ ಪರೀಕ್ಷಿಸಲಾಗಿದೆ, ಸುರಕ್ಷಿತ. ಮೂವತ್ತು ವರ್ಷ ಆ ಇಲಿಗಳಿಗೆ ಕಷಾಯ ಕುಡಿಸಿದವನು ನಾನು. ಆ ಸಾಲಿಗೆ ಎಷ್ಟು ತೂಕವಿದೆ ಎಂದು ಹೇಳಬೇಕಾದ ನಾವೇ ಬಾಯಿ ಮುಚ್ಚಿಕೊಂಡಿದ್ದೇವೆ.

ಚರಕ, ಸುಶ್ರುತರಿಗೆ ಮಧುಮೇಹ ಗೊತ್ತಿತ್ತು. ಅದನ್ನು ಎಲ್ಲರೂ ಬರೆದಿದ್ದಾರೆ. ಪ್ರಯೋಗಾಲಯದ ಕಾಲ ಶುರುವಾದದ್ದು 1920ರ ದಶಕದಲ್ಲಿ, ಕಲ್ಕತ್ತದ ಉಷ್ಣವಲಯ ವೈದ್ಯಶಾಲೆಯಲ್ಲಿ ಆರ್.ಎನ್. ಚೋಪ್ರಾ ನಾಟಿ ಮದ್ದುಗಳನ್ನು ಒಂದೊಂದಾಗಿ ಒರೆಗೆ ಹಚ್ಚಿದಾಗ. 1943ರಲ್ಲಿ ಅಲಾಕ್ಸಾನ್ ಎಂಬ ರಾಸಾಯನಿಕ ಮೇದೋಜೀರಕದ ಇನ್ಸುಲಿನ್ ಕೋಶಗಳನ್ನು ಕೊಲ್ಲುತ್ತದೆಂದು ಗೊತ್ತಾಯಿತು. ಅಲ್ಲಿಂದ ಮುಂದೆ ಸಕ್ಕರೆ ಕಾಯಿಲೆಯ ಇಲಿಯನ್ನು ತಯಾರಿಸುವುದು ಯಾವ ಕಾಲೇಜಿಗೂ ಕಷ್ಟವಾಗಲಿಲ್ಲ. ಪ್ರಬಂಧಗಳು ರಾಶಿ ಬಿದ್ದವು. ಎಲ್ಲದರ ಪ್ರಶ್ನೆ ಒಂದೇ: ಸಕ್ಕರೆ ಇಳಿಯಿತೆ?

ವಿಷ ಪರೀಕ್ಷೆ ಅದರ ಬಾಲಂಗೋಚಿ. ಇಲಿಯ ಕತ್ತಿನ ಚರ್ಮ ಹಿಡಿದೆತ್ತಿ, ತುದಿಯಲ್ಲಿ ಗುಂಡಿಯಿರುವ ಸೂಜಿಯನ್ನು ಗಂಟಲಿಗೆ ಇಳಿಸಿ, ಕಿಲೋ ತೂಕಕ್ಕೆ 2000 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಸಲ ಸಾರ ಹಾಕುತ್ತೇವೆ. 14 ದಿನ ನೋಡುತ್ತೇವೆ. ಸಾಯಲಿಲ್ಲವೆಂದರೆ ಸುರಕ್ಷಿತ ಎಂದು ಬರೆದುಬಿಡುವುದು ರೂಢಿ. 90 ದಿನದ ಪರೀಕ್ಷೆ ಇದೆ. ಅದಕ್ಕೆ ದುಡ್ಡು ಬೇಕು. ಅಷ್ಟಾದರೂ ಇಲಿ ಎಳೆಯದು, ಗಟ್ಟಿಮುಟ್ಟಾದದ್ದು. ನಮ್ಮ ರೋಗಿಗೆ ಅರವತ್ತು ದಾಟಿದೆ, ಕ್ರಿಯಾಟಿನಿನ್ ಏರಿದೆ, ಮೆಟ್‌ಫಾರ್ಮಿನ್ ಜತೆಗೆ ಬಿಪಿ ಮಾತ್ರೆಯೂ ಉಂಟು.

ನಮ್ಮ ತಲೆಮಾರು ಮಾಡಿದ ಒಳ್ಳೆಯ ಕೆಲಸ ಎಂದರೆ ಮನುಷ್ಯರ ಮೇಲಿನ ಶಿಸ್ತಿನ ಪರೀಕ್ಷೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊನ್ನೆಯನ್ನು 97 ರೋಗಿಗಳಿಗೆ ಕೊಟ್ಟು 1998ರಲ್ಲಿ ವರದಿ ಪ್ರಕಟಿಸಿತು. 67 ಮಂದಿಯ ಸಕ್ಕರೆ ಹತೋಟಿಗೆ ಬಂದಿತ್ತು. ನೀರು ತುಂಬಿಟ್ಟರೆ ಬಣ್ಣ ಬಿಡುವ ಹೊನ್ನೆಯ ಲೋಟವನ್ನು ಇಂದು ಮಾರುವವರು ಇದನ್ನೇ ಹೇಳುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ರೆಬೆಕ್ಕಾ ಕುರಿಯನ್, ಅನುರಾ ಕುರ್ಪಾಡ್ ತಂಡ ಕಾಡುತೊಂಡೆಯ ಸಾರವನ್ನು 60 ಜನರಲ್ಲಿ 90 ದಿನ ಪರೀಕ್ಷಿಸಿತು. ಯಾರಿಗೆ ಮದ್ದು, ಯಾರಿಗೆ ಹುಸಿ ಗುಳಿಗೆ ಎಂಬುದು ಕೊಟ್ಟವರಿಗೂ ಗೊತ್ತಿರಲಿಲ್ಲ. 2008ರ ಆ ವರದಿಯಲ್ಲಿ ಬರಿಹೊಟ್ಟೆಯ ಸಕ್ಕರೆ ಶೇ 16ರಷ್ಟು ಇಳಿದಿತ್ತು. ಇಷ್ಟು ಅಚ್ಚುಕಟ್ಟಾದ ಕೆಲಸ ನಮ್ಮಲ್ಲಿ ಅಪರೂಪ. ಆದರೂ ಸಾವಿರದಲ್ಲಿ ಒಬ್ಬರ ಯಕೃತ್ತನ್ನು ಕೆಡಿಸುವ ಮದ್ದು 60 ಜನರಲ್ಲಿ ಸಿಕ್ಕಿಬೀಳುವುದಿಲ್ಲ.

ಸಿಕ್ಕಿಬೀಳುವುದು ಬೇರೆ ಕಡೆ. 1979ರಲ್ಲೇ 'ಲ್ಯಾನ್ಸೆಟ್' ಪತ್ರಿಕೆ ಹಾಗಲಕಾಯಿ ಪಲ್ಯಕ್ಕೂ ಕ್ಲೋರ್‌ಪ್ರೊಪಮೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗೂ ಇರುವ ನಂಟನ್ನು ಎತ್ತಿತ್ತು. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು, ಸಕ್ಕರೆ ಕಾಯಿಲೆಯವರು, ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಜತೆಗೆ ಕುಡಿದ ಪತ್ನಿ ಬದುಕಿದರು. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ನಾಲಗೆಯೇ ಎಚ್ಚರಿಸಬೇಕಿತ್ತು, ಆದರೆ ಅವರು ಅದಕ್ಕೆ ಹಾಗಲಕಾಯಿ ರಸ ಬೆರೆಸಿದ್ದರು. ಮಂಡಳಿಯ ತಜ್ಞರ ಸಮಿತಿ ಬೇರೆ ರಸ ಬೆರೆಸಬೇಡಿ, ಕಹಿಯಿದ್ದರೆ ಎಸೆಯಿರಿ ಎಂದಿತು. ಈ ಎರಡು ಮಾತಿಗೆ ಯಾವ ಇಲಿಯೂ ಬೇಕಿರಲಿಲ್ಲ.

ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಸರದಿ. 2021ರಲ್ಲಿ ಮುಂಬೈ ವೈದ್ಯರು ಯಕೃತ್ತು ಕೆಟ್ಟ 6 ಜನರ ವರದಿ ಕೊಟ್ಟರು. ಮರುವರ್ಷ 13 ಕೇಂದ್ರಗಳಿಂದ 43 ಪ್ರಕರಣ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ; ಅದೇ ಕುಲದ ಬೇರೆ ಬಳ್ಳಿ ಇರಬಹುದು ಎಂದಿತು. ಇರಬಹುದು. ಗ್ರಂಥ ಓದಿದವರೇ ಬಳ್ಳಿ ತಪ್ಪುವುದಾದರೆ ಕಾಂಪೌಂಡಿನಿಂದ ಕಿತ್ತು ಅರೆದು ಕುಡಿಯುವವರ ಪಾಡೇನು? ಇತ್ತ ಔಷಧಿ ಕಾನೂನಿನ 158-ಬಿ ನಿಯಮ ಗ್ರಂಥೋಕ್ತ ಔಷಧಿಗೆ, ಗ್ರಂಥ ಹೇಳಿದ ಬಳಕೆಗೇ ಆದರೆ, ಸುರಕ್ಷತಾ ಅಧ್ಯಯನ ಕೇಳುವುದಿಲ್ಲ.

ಆಯುಷ್ ಔಷಧಿಗಳ ಅಡ್ಡಪರಿಣಾಮ ದಾಖಲಿಸಲು ರಾಷ್ಟ್ರೀಯ ವ್ಯವಸ್ಥೆಯೊಂದು 2008ರಿಂದ ಇದೆ, ಫಾರಂ ಇದೆ. ನಾನು ಕೂರುತ್ತಿದ್ದ ಹೊರರೋಗಿ ವಿಭಾಗದ ಕೇಸ್ ಶೀಟಿನಲ್ಲಿ ಬೀಡಿ, ಹೆಂಡ, ಎಲೆಅಡಿಕೆಗೆಲ್ಲ ಅಂಕಣವಿತ್ತು, ಕಷಾಯಕ್ಕಿರಲಿಲ್ಲ. "ಬೇರೆ ಔಷಧಿ ಏನಾದರೂ ತಗೊಳ್ತೀರಾ ಅಮ್ಮಾ?" ಎಂದರೆ ಇಲ್ಲ ಎನ್ನುತ್ತಿದ್ದರು. ಬೆಳಿಗ್ಗೆ ಎದ್ದು ಏನು ತಿಂತೀರಿ ಎಂದು ಕೇಳಿದಾಗ ಒಬ್ಬಾಕೆ, "ಇನ್ಸುಲಿನ್ ಗಿಡದ ಎರಡು ಎಲೆ. ಅದು ಔಷಧಿ ಅಲ್ಲ ಸಾರ್, ಸೊಪ್ಪು" ಎಂದರು. ಅದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.