ಪ್ಯಾಟ್ ಸಮ್ಮಿಟ್: ಕಾಲೇಜು ಆಟಗಾರ್ತಿಯಿಂದ ಕೋಚ್ ಹುದ್ದೆಗೆ

ಹಳಿಯಾಳ ಎಂದರೆ ಕುಸ್ತಿ. ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳೂ ಇಲ್ಲಿ ಅಖಾಡಕ್ಕೆ ಇಳಿದಿದ್ದಾರೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಕೆಲವು ವರ್ಷಗಳಲ್ಲೇ ಆ ಯೋಜನೆ ನಿಂತುಹೋಯಿತು. ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟಿಯನ್ ಸಮುದಾಯಕ್ಕೆ ಬಾಸ್ಕೆಟ್‌ಬಾಲ್ ಪ್ರಿಯವಾದ ಆಟ. ಆದರೂ ನಮ್ಮ ಮನೆಗಳಲ್ಲಿ ಮಗಳು ಪಿಯುಸಿಗೆ ಬಂದಳೆಂದರೆ ಬೂಟು ಅಟ್ಟ ಸೇರುವುದೇ ಹೆಚ್ಚು. ಅದಕ್ಕಾಗಿಯೇ ದೂರದ ಅಮೆರಿಕದ ಒಂದು ರೈತ ಕುಟುಂಬದ ಮಗಳ ಪರಿಚಯವನ್ನು ಇಲ್ಲಿ ಕೊಡಲಾಗಿದೆ.

ಪೆಟ್ರೀಷಿಯಾ ಸ್ಯೂ ಹೆಡ್ ಹುಟ್ಟಿದ್ದು 1952ರ ಜೂನ್ 14ರಂದು, ಟೆನೆಸ್ಸಿ ರಾಜ್ಯದ ಕ್ಲಾರ್ಕ್ಸ್‌ವಿಲ್ ಊರಿನಲ್ಲಿ. ತಂದೆ ರಿಚರ್ಡ್, ತಾಯಿ ಹೇಝಲ್. ಮೂವರು ಅಣ್ಣಂದಿರು, ಒಬ್ಬಳು ತಂಗಿ. ಮನೆಯಲ್ಲಿ ಹೈನು, ಹೊಲದಲ್ಲಿ ತಂಬಾಕು ಮತ್ತು ಹುಲ್ಲು. ಹಾಲು ಕರೆಯುವುದು, ಹುಲ್ಲು ಒಟ್ಟುವುದು ಎಲ್ಲ ಮಕ್ಕಳ ಕೆಲಸ. ಹೆಣ್ಣೆಂದು ರಿಯಾಯಿತಿ ಇರಲಿಲ್ಲ. ಕೆಲಸ ಮುಗಿದ ಮೇಲೆ ರಾತ್ರಿ ಹುಲ್ಲಿನ ಅಟ್ಟದ ಮೇಲೆ ಅಣ್ಣಂದಿರ ಜೊತೆ ಬಾಸ್ಕೆಟ್‌ಬಾಲ್. ಅಲ್ಲಿ ಕಲಿತ ಆಟವೇ ಮುಂದೆ ಜೀವನವಾಯಿತು.

ಹೈಸ್ಕೂಲಿಗೆ ಹೋಗುವ ವೇಳೆಗೆ ಒಂದು ತೊಡಕು ಎದುರಾಯಿತು. ಅವರು ಸೇರಬೇಕಾಗಿದ್ದ ಶಾಲೆಯಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ತಂದೆ ಮಾತು ಕಡಿಮೆಯ, ಬಹಳ ಕಟ್ಟುನಿಟ್ಟಿನ ಮನುಷ್ಯ. ಮಗಳ ಬೆನ್ನು ತಟ್ಟಿದವರಲ್ಲ. ಆದರೆ ಅವರು ಮಾಡಿದ್ದೇನು? ಇಡೀ ಸಂಸಾರವನ್ನು ಪಕ್ಕದ ಕೌಂಟಿಯ ಹೆನ್ರಿಯೆಟ್ಟಾಕ್ಕೆ ಸ್ಥಳಾಂತರಿಸಿದರು, ಅಲ್ಲಿನ ಶಾಲೆಯಲ್ಲಿ ಹುಡುಗಿಯರು ಆಡುತ್ತಿದ್ದರು ಎಂಬ ಕಾರಣಕ್ಕೆ. ಮಗನ ಓದಿಗೆ ಊರು ಬಿಟ್ಟವರು ನಮ್ಮಲ್ಲಿ ಬೇಕಾದಷ್ಟು ಜನ. ಮಗಳ ಆಟಕ್ಕೆ ಬಿಟ್ಟವರನ್ನು ಹುಡುಕಬೇಕು. ಅದೇ ತಂದೆ ತನ್ನನ್ನು ಮೊದಲ ಸಲ ತಬ್ಬಿಕೊಂಡಾಗ ತನಗೆ 43 ವರ್ಷವಾಗಿತ್ತು ಎಂದು ಪ್ಯಾಟ್ ಹೇಳಿಕೊಂಡಿದ್ದಾರೆ. ಅದು 1996ರಲ್ಲಿ, ಅವರ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ.

ಕಾಲೇಜು ಶಿಕ್ಷಣ ಟೆನೆಸ್ಸಿ ವಿಶ್ವವಿದ್ಯಾಲಯದ ಮಾರ್ಟಿನ್ ಕ್ಯಾಂಪಸ್‌ನಲ್ಲಿ. ಅಣ್ಣಂದಿರಿಗೆ ಕ್ರೀಡಾ ವಿದ್ಯಾರ್ಥಿವೇತನ ದೊರೆತಿತ್ತು, ತಂಗಿಗೆ ಸಿಗಲಿಲ್ಲ. ಆಗ ಹುಡುಗಿಯರಿಗೆ ಅಂಥದ್ದೊಂದು ಇರಲೇ ಇಲ್ಲ. ಫೀಜನ್ನು ತಂದೆತಾಯಿಯೇ ಕಟ್ಟಿದರು. ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದ ಕೂಡದು ಎನ್ನುವ ‘ಟೈಟಲ್ ನೈನ್’ ಕಾನೂನು ಬಂದದ್ದು 1972ರಲ್ಲಿ, ಅಂದರೆ ಅವರು ಓದುತ್ತಿದ್ದಾಗಲೇ. ಅದರ ಪೂರ್ಣ ಫಲ ಉಂಡವರು ನಂತರದ ಹುಡುಗಿಯರು. ಮಾರ್ಟಿನ್‌ನಲ್ಲಿ ಪ್ಯಾಟ್ 1,045 ಅಂಕ ಗಳಿಸಿ ಹೆಸರಾದರು. ಕೊನೆಯ ವರ್ಷದಲ್ಲಿ ಮೊಣಕಾಲಿಗೆ ದೊಡ್ಡ ಪೆಟ್ಟು ಬಿತ್ತು.

1974ರಲ್ಲಿ ನಾಕ್ಸ್‌ವಿಲ್‌ನಲ್ಲಿರುವ ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ ಸಹಾಯಕಿಯಾಗಿ ಹೋದವರು, ಅಲ್ಲಿದ್ದ ಕೋಚ್ ಹುದ್ದೆ ಬಿಟ್ಟಿದ್ದರಿಂದ 22ನೇ ವಯಸ್ಸಿನಲ್ಲೇ ಮುಖ್ಯ ಕೋಚ್ ಆದರು. ತಿಂಗಳಿಗೆ 250 ಡಾಲರ್. ತಂಡದ ವ್ಯಾನು ಓಡಿಸುವವರೂ ಅವರೇ, ಸಮವಸ್ತ್ರ ಒಗೆಯುವವರೂ ಅವರೇ. ಆ ಸಮವಸ್ತ್ರವನ್ನಾದರೂ ಹಿಂದಿನ ವರ್ಷ ಹುಡುಗಿಯರು ಡೋನಟ್ ತಿಂಡಿ ಮಾರಿ ಕೊಂಡಿದ್ದರು. ಕೆಲವು ಆಟಗಾರ್ತಿಯರು ಕೋಚ್‌ಗಿಂತ ಒಂದೇ ವರ್ಷ ಚಿಕ್ಕವರು. ಮೊದಲ ಪಂದ್ಯದಲ್ಲಿ ಮರ್ಸರ್ ತಂಡದ ಎದುರು 84–83ರಿಂದ ಸೋಲು.

ಕೋಚ್ ಆಗಿದ್ದುಕೊಂಡೇ ಮೊಣಕಾಲನ್ನು ಸರಿಪಡಿಸಿಕೊಂಡು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಡಿ ಬೆಳ್ಳಿ ಗೆದ್ದರು. ಮಹಿಳಾ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್ ಸೇರಿದ್ದು ಆ ವರ್ಷವೇ ಮೊದಲು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಕೋಚ್ ಆಗಿ ಚಿನ್ನ. 1980ರಲ್ಲಿ ಮದುವೆಯಾದ ಮೇಲೆ ಸಮ್ಮಿಟ್ ಎಂಬ ಹೆಸರು ಬಂತು. ಮಗ ಟೈಲರ್ ಹುಟ್ಟಿದ್ದು 1990ರಲ್ಲಿ.

ರಾಷ್ಟ್ರೀಯ ಪ್ರಶಸ್ತಿ ಸಿಗಲು 13 ವರ್ಷ ಕಾಯಬೇಕಾಯಿತು. 1987ರಲ್ಲಿ ಮೊದಲನೆಯದು, ಆಮೇಲೆ 1989, 1991, 1996, 1997, 1998, 2007, 2008, ಹೀಗೆ ಎಂಟು. 1997–98ರಲ್ಲಿ ಆಡಿದ 39 ಪಂದ್ಯಗಳನ್ನೂ ಗೆದ್ದರು. 38 ವರ್ಷಗಳ ಒಟ್ಟು ಲೆಕ್ಕ 1,098 ಗೆಲುವು, 208 ಸೋಲು. ನಿವೃತ್ತಿಯ ಹೊತ್ತಿಗೆ ಅಮೆರಿಕದ ಮೇಲ್ದರ್ಜೆಯ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಗಂಡು-ಹೆಣ್ಣು ಯಾರ ತಂಡದ ಕೋಚ್‌ಗೂ ಇಷ್ಟು ಗೆಲುವು ಇರಲಿಲ್ಲ.

ತಂದೆತಾಯಂದಿರು ಗಮನಿಸಬೇಕಾದದ್ದು ಇನ್ನೊಂದು ಲೆಕ್ಕ. ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಪ್ರತಿಯೊಬ್ಬ ಹುಡುಗಿಯೂ ಪದವಿ ಮುಗಿಸಿದ್ದಾಳೆ. ಕ್ಲಾಸಿನಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು, ಕಾರಣವಿಲ್ಲದೆ ಗೈರುಹಾಜರಾಗುವಂತಿಲ್ಲ ಎಂಬುದು ನಿಯಮ. ಆಟಕ್ಕೆ ಹೋದರೆ ಓದು ಕೆಡುತ್ತದೆ ಎಂಬ ನಮ್ಮ ಮಾತಿಗೆ ಇಷ್ಟು ವರ್ಷಗಳ ಈ ದಾಖಲೆ ಎದುರು ನಿಲ್ಲುತ್ತದೆ. ಹಾಗೆಂದು ಅವರು ಸಲಿಗೆಯ ಕೋಚ್ ಆಗಿರಲಿಲ್ಲ. ಅವರ ದಿಟ್ಟಿಸುವ ನೋಟಕ್ಕೇ ಆಟಗಾರ್ತಿಯರು ಹೆದರುತ್ತಿದ್ದರು.

2010–11ರ ಸುಮಾರಿಗೆ ಮರೆವು ಕಾಣಿಸಿಕೊಂಡಿತು. ಸಂಧಿವಾತಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದುದರಿಂದ ಅದರ ಅಡ್ಡ ಪರಿಣಾಮ ಇರಬೇಕೆಂದುಕೊಂಡಿದ್ದರು. ಪರೀಕ್ಷೆಯಲ್ಲಿ ಅಲ್ಝೈಮರ್ಸ್ ಎಂದು ತಿಳಿಯಿತು. 2011ರ ಆಗಸ್ಟ್‌ನಲ್ಲಿ, 59ನೇ ವಯಸ್ಸಿನಲ್ಲಿ, ಅದನ್ನು ಬಹಿರಂಗವಾಗಿ ಹೇಳಿದರು. ಮುಚ್ಚಿಡಲಿಲ್ಲ. ನಮ್ಮಲ್ಲಿ ‘ಅರಳು ಮರಳು’ ಎಂದು ಕೋಣೆಯೊಳಗೆ ಇಟ್ಟುಬಿಡುವ ಕಾಯಿಲೆ ಇದು. 65ಕ್ಕಿಂತ ಮೊದಲೂ ಬರಬಹುದು. ದಾರಿ, ಹೆಸರು, ಹಣದ ಲೆಕ್ಕ ಮತ್ತೆ ಮತ್ತೆ ತಪ್ಪುತ್ತಿದ್ದರೆ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತೋರಿಸುವುದು ಒಳ್ಳೆಯದು. ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಬಿ12 ಸಿಗುವುದು ಹೆಚ್ಚಾಗಿ ಪ್ರಾಣಿಮೂಲದ ಆಹಾರದಿಂದ. ಶುದ್ಧ ಸಸ್ಯಾಹಾರಿಗಳಾದ ನಮ್ಮ ಹಿರಿಯರು ಈ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳಲೇಬೇಕು.

ರೋಗ ತಿಳಿದ ಮೇಲೂ ಒಂದು ಋತು ತಂಡದ ಜೊತೆ ನಿಂತರು. 2012ರ ಏಪ್ರಿಲ್‌ನಲ್ಲಿ ಹುದ್ದೆಯಿಂದ ಇಳಿದಾಗ ಆ ಜಾಗಕ್ಕೆ ಬಂದವರು ಹಾಲಿ ವಾರ್ಲಿಕ್. ಪ್ಯಾಟ್ ಅವರ ಗರಡಿಯಲ್ಲೇ ಆಡಿ, ಬಹಳ ವರ್ಷ ಅವರ ಸಹಾಯಕಿಯಾಗಿ ದುಡಿದವರು. ಅದೇ ವರ್ಷ ಅಧ್ಯಕ್ಷ ಒಬಾಮಾ ಅವರಿಂದ ಪ್ಯಾಟ್ ಅವರಿಗೆ ಸ್ವಾತಂತ್ರ್ಯ ಪದಕ ಸಂದಿತು. 2016ರ ಜೂನ್ 28ರಂದು, 64ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಆರಂಭಿಸಿದ ಪ್ರತಿಷ್ಠಾನ ಅಲ್ಝೈಮರ್ಸ್ ಸಂಶೋಧನೆಗೆ ಹಣ ಒದಗಿಸಿದೆ. ನಾಕ್ಸ್‌ವಿಲ್‌ನ ಅಂಕಣಕ್ಕೆ 2005ರಲ್ಲೇ ಅವರ ಹೆಸರಿಡಲಾಗಿತ್ತು.