ಒಕ್ಕಣ್ಣ ವೈಮಾನಿಕನ ರಬ್ಬರಿನ ಉಡುಪು

ಅಂತರಿಕ್ಷಯಾತ್ರಿಕರು ಧರಿಸುವ ಉಡುಪಿನ ವಂಶಾವಳಿಯನ್ನು ಅರಸುತ್ತ ಹೋದರೆ ಅದು ಅಮೆರಿಕದ ಒಬ್ಬ ಒಕ್ಕಣ್ಣ ವೈಮಾನಿಕನ ಬಳಿಗೆ ಬಂದು ಸೇರುವುದು. ವೈಲೀ ಪೋಸ್ಟ್ ಎಂಬ ಈತನು ೧೯೨೬ರಲ್ಲಿ ಎಣ್ಣೆಬಾವಿಯ ಕೆಲಸದಲ್ಲಿದ್ದಾಗ ಎಡಗಣ್ಣನ್ನು ಕಳೆದುಕೊಂಡನು. ಪರಿಹಾರವಾಗಿ ದೊರೆತ ಹಣದಿಂದಲೇ ವಿಮಾನವೊಂದನ್ನು ಕೊಂಡನು! ೧೯೩೩ರಲ್ಲಿ ‘ವಿನ್ನೀ ಮೇ’ ಎಂಬ ಮತ್ತೊಂದು ವಿಮಾನದಲ್ಲಿ ಏಕಾಕಿಯಾಗಿ ಎಂಟು ದಿನಗಳೊಳಗೆ ಭೂಪ್ರದಕ್ಷಿಣೆ ಮಾಡಿದನು.

ಉನ್ನತ ಪ್ರದೇಶದ ವಿರಳವಾಯುವಿನಲ್ಲಿ ವಿಮಾನದ ವೇಗವು ಇನ್ನೂ ಹೆಚ್ಚುವುದೆಂದು ಆತನು ಎಣಿಸಿದನು. ಆದರೆ ೪೦,೦೦೦ ಅಡಿಗಳಿಗೂ ಮೇಲೆ ಶುದ್ಧ ಆಮ್ಲಜನಕವನ್ನು ಉಸಿರಾಡಿದರೂ ಸಾಲದು. ಅದನ್ನು ರಕ್ತಕ್ಕೆ ಸೇರಿಸಲು ಬೇಕಾದ ಒತ್ತಡವೇ ಅಲ್ಲಿಲ್ಲ. ವಿನ್ನೀ ಮೇ ಮರದ ಪದರಗಳಿಂದಾದುದು. ಅದರ ಒಡಲಲ್ಲಿ ಗಾಳಿಯನ್ನು ಒತ್ತಿ ತುಂಬುವಂತಿರಲಿಲ್ಲ. ವಿಮಾನದಿಂದಾಗದುದನ್ನು ಮೈಮೇಲಣ ಬಟ್ಟೆಯಿಂದಲೇ ಸಾಧಿಸಬೇಕೆಂದು ಪೋಸ್ಟನು ನಿಶ್ಚಯಿಸಿದನು.

೧೯೩೪ರಲ್ಲಿ ಗುಡ್‌ರಿಚ್ ರಬ್ಬರು ಕಂಪನಿಯು ಈ ಕಾರ್ಯವನ್ನು ಕೈಕೊಂಡಿತು. ಮೊದಲನೆಯ ಉಡುಪು ಪರೀಕ್ಷೆಯಲ್ಲಿ ಒತ್ತಡವನ್ನು ತಾಳಲಿಲ್ಲ. ಎರಡನೆಯದನ್ನು ರಸೆಲ್ ಕಾಲಿ ಎಂಬ ಇಂಜಿನಿಯರನು ರಚಿಸಿದನು. ಅಷ್ಟರೊಳಗೆ ಪೋಸ್ಟನ ಮೈ ತುಸು ತುಂಬಿತ್ತು. ತೊಟ್ಟವನು ಒಳಗೇ ಸಿಕ್ಕಿಬಿದ್ದನು. ಕಡೆಗೆ ಉಡುಪನ್ನು ಕತ್ತರಿಸಿ ಆತನನ್ನು ಬಿಡಿಸಬೇಕಾಯಿತು.

ಗಾಳಿಯನ್ನು ಹಿಡಿದಿಡುವುದಕ್ಕಿಂತಲೂ ಕೈಕಾಲು ಮಡಿಸುವುದೇ ಹೆಚ್ಚಿನ ತೊಡಕಾಗಿತ್ತು. ಗಾಳಿ ತುಂಬಿದ ತೋಳನ್ನು ಬಾಗಿಸಹೋದರೆ ಒಳಗಣ ಅವಕಾಶವು ಕುಗ್ಗುವುದು. ಗಾಳಿಯು ಎದುರೊತ್ತಿ ತೋಳನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು. ಆದಕಾರಣ ಕಾಲಿಯು ಮೂರನೆಯ ಉಡುಪನ್ನು ಕುಳಿತ ಭಂಗಿಯಲ್ಲಿಯೇ ರೂಪಿಸಿದನು. ಒಳಗೆ ರಬ್ಬರು, ಹೊರಗೆ ಹಿಗ್ಗದ ಬಟ್ಟೆ, ತಲೆಗೆ ದುಂಡು ಗಾಜಿನ ಕಿಟಕಿಯುಳ್ಳ ಅಲ್ಯೂಮಿನಿಯಂ ಶಿರಸ್ತ್ರಾಣ. ಅದನ್ನು ಧರಿಸಿ ಪೋಸ್ಟನು ಅದೇ ಸೆಪ್ಟೆಂಬರಿನಲ್ಲಿ ಷಿಕಾಗೋ ನಗರದ ಮೇಲೆ ಸುಮಾರು ೪೦,೦೦೦ ಅಡಿ ಏರಿದನು. ೧೯೩೫ರ ಫೆಬ್ರವರಿಯಲ್ಲಿ ಇಂಜಿನು ಕೆಟ್ಟು ಕ್ಯಾಲಿಫೋರ್ನಿಯದ ಒಣಸರೋವರವೊಂದರಲ್ಲಿ ಇಳಿದಾಗ ಶಿರಸ್ತ್ರಾಣವನ್ನು ಬಿಚ್ಚಲು ಅನ್ಯರ ನೆರವು ಬೇಕಾಯಿತು. ಸಮೀಪದಲ್ಲಿದ್ದವನು ಈ ವಿಕಾರರೂಪವನ್ನು ಕಂಡು ಮೂರ್ಛೆಹೋಗುವಷ್ಟು ಬೆದರಿದನಂತೆ! ಮರುತಿಂಗಳು ಪೋಸ್ಟನು ಬರ್ಬ್ಯಾಂಕಿನಿಂದ ಕ್ಲೀವ್‌ಲೆಂಡಿಗೆ ೨,೦೩೫ ಮೈಲಿಗಳನ್ನು ೭ ಗಂಟೆ ೧೯ ನಿಮಿಷಗಳಲ್ಲಿ ಕ್ರಮಿಸಿದನು. ಆಗಸ್ಟಿನಲ್ಲಿ ಅಲಾಸ್ಕದಲ್ಲಿ ಬೇರೊಂದು ವಿಮಾನವು ಬಿದ್ದು ಮಡಿದನು.

ಕಾಲಿಯು ಆ ತೊಡಕನ್ನು ಬಿಡಲಿಲ್ಲ. ಟೊಮ್ಯಾಟೊ ಗಿಡದ ಹುಳುವು ಮೈಯ ಗೆಣ್ಣುಗೆಣ್ಣುಗಳನ್ನು ಮಡಿಸಿ ಬಾಗುವುದನ್ನು ಕಂಡು, ೧೯೪೩ರಲ್ಲಿ ಉಡುಪಿನ ಸಂದುಗಳಿಗೆ ಅಂಥ ಉಂಗುರಮಡಿಕೆಗಳನ್ನು ಇರಿಸಿದನು. ಮುಂದೆ ಕಂಪನಿಯು ನೌಕಾದಳದ ವೈಮಾನಿಕರಿಗಾಗಿ ಮಾಡಿದ ಉಡುಪನ್ನೇ ತಿದ್ದಿ ‘ಮರ್ಕ್ಯುರಿ’ ಯಾತ್ರಿಕರಿಗೆ ಕೊಟ್ಟಿತು. ೧೯೬೧ರ ಮೇ ೫ರಂದು ಅಂತರಿಕ್ಷಕ್ಕೆ ಏರಿದ ಅಲನ್ ಷೆಪರ್ಡನು ತೊಟ್ಟುದು ಇದನ್ನೇ. ನೌಕೆಯೊಳಗಣ ಒತ್ತಡವು ತಪ್ಪಿದರೆ ಮಾತ್ರ ಉಬ್ಬಬೇಕಾಗಿದ್ದ ಆ ಉಡುಪು ಮರ್ಕ್ಯುರಿಯ ಆರು ಮಾನವಯಾತ್ರೆಗಳಲ್ಲಿ ಒಮ್ಮೆಯೂ ಹಾಗೆ ಉಬ್ಬುವ ಪ್ರಸಂಗ ಒದಗಲಿಲ್ಲ.