ನ್ಯಾನೋಕಣಕ್ಕೆ ಪಾಲಿಮರ್ ಕಸಿ: ‘ಹಸಿರು’ ದ್ರಾವಕದ ಅಸಲಿ ಲೆಕ್ಕ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಅಂದ್ರೆ ನನಗೆ ಈಗಲೂ ನೆನಪಾಗೋದು ಕೆಟ್ಟು ನಿಂತಿದ್ದ ಎಕ್ಸಾಸ್ಟ್ ಫ್ಯಾನು, ತಲೆನೋವು ಬರಿಸುತ್ತಿದ್ದ ಟಾಲೀನ್ ವಾಸನೆ. ಆಮೇಲೆ ಲ್ಯಾಬ್ ಬಿಟ್ಟು ಸುದ್ದಿಮನೆಗೆ ಬಂದೆ. ಆದರೂ ‘ಹಸಿರು ನ್ಯಾನೋ’ ಎಂಬ ಹೇಳಿಕೆ ಕಂಡಾಗೆಲ್ಲ ನಾನು ಮೊದಲು ಹುಡುಕೋದು ಒಂದನ್ನೇ: ಇದನ್ನು ಯಾವ ದ್ರಾವಕದಲ್ಲಿ ಮಾಡಿದ್ರು?

ವಿಷಯ ಇಷ್ಟು. ಸಿಲಿಕಾದಂಥ ನ್ಯಾನೋಕಣಗಳನ್ನು ಪ್ಲಾಸ್ಟಿಕ್ಕಿಗೆ ಹಾಗೇ ಬೆರೆಸಿದರೆ ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಅದಕ್ಕೇ ಅವುಗಳ ಮೇಲ್ಮೈಗೆ ಪಾಲಿಮರ್ ಸರಪಳಿಗಳನ್ನು ಕಸಿ ಮಾಡ್ತಾರೆ. ಆಗ ಕಣಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಇದಕ್ಕೆ ಮುಖ್ಯ ದಾರಿ ಎರಡು. ಸಿದ್ಧ ಸರಪಳಿ ತಂದು ಅಂಟಿಸೋದು ಸುಲಭ, ಆದರೆ ಮೊದಲು ಕೂತ ಸರಪಳಿಗಳೇ ಮುಂದಿನವಕ್ಕೆ ಅಡ್ಡ ಬರುತ್ತವೆ. ಇನ್ನೊಂದು, ಕಣದ ಮೇಲೆ ಕ್ರಿಯೆ ಶುರುಮಾಡುವ ಅಣುಗಳನ್ನು ಕೂರಿಸಿ ಅಲ್ಲಿಂದಲೇ ಸರಪಳಿ ಬೆಳೆಸೋದು. 1995ರಲ್ಲಿ ಬಂದ, ತಾಮ್ರದ ವೇಗವರ್ಧಕ ಬಳಸುವ ಎಟಿಆರ್‌ಪಿ ವಿಧಾನ ಇದಕ್ಕೆ ಹೇಳಿ ಮಾಡಿಸಿದಂತಿದೆ.

ದ್ರಾವಕದ ಮೇಲೆ ಬೀಳೋ ಕೆಲಸ ಸಣ್ಣದಲ್ಲ. ಕಣಗಳನ್ನು ಚದುರಿಸಿಡಬೇಕು, ಮಾನೋಮರನ್ನೂ ಕರಗಿಸಬೇಕು, ಬೆಳೆಯೋ ಸರಪಳಿ ಮುದುಡದಂತೆಯೂ ನೋಡ್ಕೋಬೇಕು. ಎಷ್ಟೋ ಪಾಲಿಮರ್‌ಗಳಿಗೆ ಡಿಎಂಎಫ್ ಇದನ್ನೆಲ್ಲ ಸಲೀಸಾಗಿ ಮಾಡುತ್ತೆ. ಆದರೆ ಅದು ಚರ್ಮದ ಮೂಲಕವೂ ಒಳಹೋಗಿ ಲಿವರ್‌ಗೆ ಹಾನಿ ಮಾಡುತ್ತೆ. ಗರ್ಭದಲ್ಲಿರುವ ಮಗುವಿಗೂ ಅಪಾಯ. ಐರೋಪ್ಯ ಒಕ್ಕೂಟದಲ್ಲಿ 2023ರ ಡಿಸೆಂಬರ್‌ನಿಂದ ಅದರ ಮೇಲೆ ನಿರ್ಬಂಧ ಇದೆ: ಕೆಲಸಗಾರರು ಅದಕ್ಕೆ ಒಡ್ಡಿಕೊಳ್ಳುವ ಪ್ರಮಾಣ ಗೊತ್ತುಪಡಿಸಿದ ಮಿತಿ ಮೀರುವಂತಿಲ್ಲ.

ಬದಲಿಗಳಿವೆ. ನೀರು, ಎಥನಾಲ್ ಅಥವಾ ಎರಡರ ಮಿಶ್ರಣದಲ್ಲಿ ಎಟಿಆರ್‌ಪಿ ನಡೆಸಬಹುದು. ವಿಟಮಿನ್ ಸಿ ಹಾಕಿದರೆ ಅದು ತಾಮ್ರವನ್ನು ಮತ್ತೆ ಮತ್ತೆ ಕೆಲಸಕ್ಕೆ ಎಳೆಯೋದರಿಂದ ತಾಮ್ರವೂ ಬಹಳ ಕಡಿಮೆ ಸಾಕು. ಆದರೆ ಸ್ಟೈರೀನ್‌ನಂಥ ಮಾನೋಮರ್ ನೀರಲ್ಲಿ ಕರಗೋದೇ ಕಷ್ಟ. ಸಿಲಿಕಾಗೆ ಸರಪಳಿಯನ್ನು ಹಿಡಿದಿಟ್ಟ ಬಂಧವೂ ನೀರಲ್ಲಿ ನಿಧಾನಕ್ಕೆ ಕಳಚಬಹುದು. ಇನ್ನು 31 ಡಿಗ್ರಿ ಸೆಲ್ಸಿಯಸ್ ಮತ್ತು ವಾಯುಮಂಡಲದ 73 ಪಟ್ಟು ಒತ್ತಡ ದಾಟಿದ ಕಾರ್ಬನ್ ಡೈಆಕ್ಸೈಡ್ ಚೆಂದದ ದ್ರಾವಕ, ಬಳಸಿ ಆವಿಯಾಗಿ ಬಿಟ್ಟರೆ ಮುಗೀತು. ತಮಾಷೆ ಅಂದ್ರೆ, ಅದರಲ್ಲಿ ಚೆನ್ನಾಗಿ ಕರಗೋ ಕೆಲವೇ ಪಾಲಿಮರ್‌ಗಳಲ್ಲಿ ಫ್ಲೋರಿನ್ ಇರುವಂಥವು ಪ್ರಮುಖ. ಪರಿಸರವಾದಿಗಳು ಬೇಡ ಅಂತಿರೋದೂ ಅಂಥವನ್ನೇ!

ನನ್ನ ತಕರಾರು ಬೇರೆ. ಕ್ರಿಯೆ ಮುಗಿದ ಮೇಲೆ ಉಳಿದ ಮಾನೋಮರ್, ತಾಮ್ರ ತೆಗೆಯಲು ಕಣಗಳನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಹೊಸ ದ್ರಾವಕದಲ್ಲಿ ಚದುರಿಸಿ, ಮತ್ತೆ ತಿರುಗಿಸಿ ತೊಳೀತಾರೆ. ಹಲವು ಸುತ್ತು. ಕ್ರಿಯೆಗಿಂತ ಇದಕ್ಕೇ ಹೆಚ್ಚು ದ್ರಾವಕ ಖರ್ಚಾಗಬಹುದು. ಕ್ರಿಯೆ ನೀರಲ್ಲಿ, ತೊಳೆಯೋದು ಟಾಲೀನ್‌ನಲ್ಲಿ ಅಂತಾದರೆ ಯಾವ ಹಸಿರು? ಒಂದು ಗ್ರಾಂ ಕಣಕ್ಕೆ ಒಟ್ಟು ಎಷ್ಟು ಲೀಟರ್ ಹೋಯ್ತು, ಅದರಲ್ಲಿ ಎಷ್ಟು ಮರುಬಳಕೆ ಆಯ್ತು, ಕೊಳಕಾದ ನೀರು ಎಲ್ಲಿಗೆ ಹೋಯ್ತು ಅನ್ನೋದನ್ನೂ ‘ಹಸಿರು’ ಅನ್ನೋರು ಬರೆದು ತೋರಿಸಲಿ.